ಐದು ನಲವತ್ತೆರಡರ ಸೀಟಿ

ಜನವರಿ 5, ಸೋಮವಾರ

ಬೆಳಗ್ಗೆ 5.50ಕ್ಕೆ ಎದ್ದೆ. 6.20ಕ್ಕೆ ಬರಬೇಕಾದ ಹಾಲಿನವನು 6.31ಕ್ಕೆ ಬಂದ. ಹೇಳಿದೆ. “ಹನ್ನೊಂದು ನಿಮಿಷದಾಗ ಹಾಲು ಒಡೀತೇನ್ರಿ ಮಾಸ್ತರ?” ಎಂದ. ಪ್ರಶ್ನೆ ಹಾಲಿನದಲ್ಲ, ಸಮಯದ್ದು ಎಂದು ತಿಳಿಸಿಕೊಟ್ಟೆ. ಹೊಸ ವರ್ಷದಲ್ಲಿ ಇದು ಮೂರನೆಯ ಸಲ.

ದೈಹಿಕ ಶಿಕ್ಷಕನ ಹುದ್ದೆಯಿಂದ ನಿವೃತ್ತನಾಗಿ ಹದಿನಾಲ್ಕು ತಿಂಗಳ ಮೇಲೆ ಇವತ್ತು ಮತ್ತೆ ಕೆಲಸಕ್ಕೆ ಹೋದೆ. ನವನಗರದಲ್ಲೇ, ಮನೆಯಿಂದ ನಡೆದರೆ ಹನ್ನೆರಡು ನಿಮಿಷ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿ. ಕೆಲಸ ಹೀಗಿದೆ. ಅಮೆರಿಕದಲ್ಲಿ ಫುಟ್‌ಬಾಲ್ ಎಂಬ ಆಟವಿದೆ. ಅದನ್ನು ಬಹುತೇಕ ಕೈಯಿಂದ ಆಡುತ್ತಾರೆ. ಅದರ ಪ್ಲೇಆಫ್ ಪಂದ್ಯಗಳಲ್ಲಿ ರೆಫರಿಗಳು ಒಂದು ದಿನ ತಪ್ಪೆಂದದ್ದನ್ನು ಇನ್ನೊಂದು ದಿನ ಸರಿ ಎನ್ನುತ್ತಾರೆಂದು ಅಲ್ಲಿಯ ಜನರಿಗೆ ಅಸಮಾಧಾನವಿದೆ. ಆದ್ದರಿಂದ ಯಾವುದೋ ಕಂಪನಿ ಹತ್ತು ವರ್ಷದ ಪ್ಲೇಆಫ್ ತೀರ್ಪುಗಳನ್ನೆಲ್ಲ ಚಿಕ್ಕ ವಿಡಿಯೊ ತುಣುಕುಗಳಾಗಿ ಕತ್ತರಿಸಿ, ಅಲ್ಲಿಯ ಯಾವ ತಂಡದ ಮೇಲೂ ಅಭಿಮಾನವಿಲ್ಲದವರಿಂದ ಪರೀಕ್ಷೆ ಮಾಡಿಸುತ್ತಿದೆ. ಅಂಥವರು ಬಾಗಲಕೋಟೆಯಲ್ಲಿ ಹೇರಳವಾಗಿದ್ದಾರೆ.

ಆಫೀಸು ನೋಡಿಕೊಳ್ಳುವವಳು ನೇತ್ರಾ, ಇಪ್ಪತ್ತಾರರ ಹುಡುಗಿ.

“ಅಮೆರಿಕದ ಫುಟ್‌ಬಾಲ್ ಯಾವಾಗರ ನೋಡೀರೇನ್ರಿ ಸರ್?”

“ಇಲ್ಲವಾ.”

“ಛಲೋ ಆತು. ಕೊರಳಾಗಿನ ಸೀಟಿ ಮಾತ್ರ ಇಲ್ಲಿ ಊದಬ್ಯಾಡ್ರಿ. ಕೆಳಗ ಅಂಗಡ್ಯಾಗ ಗಿರಾಕಿ ಇರ್ತಾರ.”

ಪ್ರತಿ ತುಣುಕನ್ನು ಇಬ್ಬರು ಬೇರೆ ಬೇರೆ ನೋಡಬೇಕು. ರೆಫರಿ ಕೊಟ್ಟದ್ದು ‘ಸರಿ’ ಅಥವಾ ‘ತಪ್ಪು’ ಎಂದು ಒತ್ತಬೇಕು. ಇನ್ನೊಬ್ಬರು ಇಳಕಲ್ಲಿನ ಶಿವಲಿಂಗವ್ವ. ಮೂವತ್ತು ವರ್ಷ ಸೀರೆ ವ್ಯಾಪಾರಿಯೊಬ್ಬರ ಬಳಿ ನೇಯ್ಗೆಯ ದೋಷ ಹುಡುಕುವ ಕೆಲಸ ಮಾಡಿದವರು, ಈಗ ಮಗಳ ಮನೆಯಲ್ಲಿದ್ದಾರೆ. ನಾನು ಇಪ್ಪತ್ತೆರಡು ವರ್ಷ ಕಬಡ್ಡಿ ಅಂಪೈರ್ ಆಗಿದ್ದವನು. ನನ್ನ ಒಂದು ತೀರ್ಪೂ ಬದಲಾಗಿಲ್ಲ.

ಮನೆಯ ವಿಷಯವನ್ನೂ ದಾಖಲೆಗಾಗಿ ಬರೆದಿಡುತ್ತೇನೆ. ಮಗಳು ವಿದ್ಯಾ ಬಾದಾಮಿಯಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಹಣಮೇಶ ಎಂಬ ಹುಡುಗ ಅಲ್ಲಿಯೇ ದನದ ದವಾಖಾನೆಯಲ್ಲಿದ್ದಾನೆ. ಇಬ್ಬರೂ ಬೆಳಗಿನ ಒಂದೇ ರೈಲಿಗೆ ಹೋಗುವವರು, ಎರಡು ವರ್ಷದಲ್ಲಿ ಮನಸ್ಸು ಕೂಡಿದೆ. ಎರಡೂ ಮನೆಯವರು ಬೀರಪ್ಪ ದೇವರ ಒಕ್ಕಲು. ಅಡ್ಡಿ ಒಂದೇ. ಹುಡುಗನ ಅಪ್ಪ ಬೇವೂರಿನ ಚಂದಪ್ಪ.

2009ರಲ್ಲಿ ಹುನಗುಂದದಲ್ಲಿ ಕಬಡ್ಡಿ ಫೈನಲ್ ಇತ್ತು. ಬೇವೂರು ಮತ್ತು ಕಲಾದಗಿ 21-21. ಕೊನೆಯ ರೇಡ್ ಚಂದಪ್ಪನದು. ಹೊಳ್ಳಿ ಬರುವಾಗ ಅವನ ಕಾಲು ಗೆರೆ ದಾಟಿತು. ಸಂಜೆ 5.42. ಎಡಗಾಲಿನ ಹಿಮ್ಮಡಿ, ಸುಣ್ಣದ ಗೆರೆಯಿಂದ ನಾಲ್ಕು ಬೆರಳು ಆಚೆ. ನಾನು ಎರಡು ಮಾರು ದೂರದಲ್ಲಿದ್ದೆ. ಸೀಟಿ ಹೊಡೆದೆ. ಕಲಾದಗಿ ಗೆದ್ದಿತು. ಚಂದಪ್ಪ ಅಂದಿನಿಂದ ನನ್ನ ಸಂಗಡ ಮಾತಾಡಿಲ್ಲ.

ನಿನ್ನೆ ಅವನು ನಮ್ಮ ಮನೆಗೆ ಬಂದಾಗಲೂ ಮಾತಾಡಲಿಲ್ಲ. ನನ್ನ ಎದುರಿಗೇ ಕೂತು ನನ್ನ ಹೆಂಡತಿ ಸತ್ಯವ್ವಳಿಗೆ ಹೇಳಿದ. “ತಂಗಿ, ನಿಮ್ಮ ಮನಿಯವರಿಗೆ ಹೇಳು. ಭಾರತ ಹುಣ್ಣಿಮಿ ಒಳಗ ಬೇವೂರಿಗೆ ಬಂದು, ಬೀರಪ್ಪನ ಭಂಡಾರ ಮುಟ್ಟಿ, ‘ಚಂದಪ್ಪನ ಕಾಲು ಹೊರಗ ಹೋಗಿದ್ದು ನಾ ಕಣ್ಣಾರೆ ಕಂಡೇನಿ’ ಅನ್ನಲಿ. ಆಮ್ಯಾಲ ಮದುವಿ ಮಾತು. ಬರೂದಿಲ್ಲ ಅಂದ್ರ ಕಲಾದಗ್ಯಾಗ ಒಂದು ಕನ್ಯಾ ಐತಿ.”

ಕಲಾದಗಿಯನ್ನು ಬೇಕೆಂದೇ ಹೇಳಿದ್ದು.

ಅಂಪೈರ್ ಆದವನು ಆಣೆ ಮಾಡಿ ತೀರ್ಪು ಕೊಡುವುದಿಲ್ಲ. ಹಾಗೆ ಮಾಡಿದರೆ ಸೀಟಿ ಯಾಕೆ ಬೇಕು? ಇದನ್ನೇ ಹೇಳಿದೆ. ಅವನು ಹೋದ ಮೇಲೆ ಸತ್ಯವ್ವ, “ಖರೆ ಇದ್ರ ಮುಟ್ಟಾಕ ಏನ್ ಅಡ್ಡಿರಿ? ಅರಿಶಿಣ ಪುಡಿ, ಸುಡೂದಿಲ್ಲ” ಎಂದಳು. ಇದು ತತ್ವದ ಪ್ರಶ್ನೆ ಎಂದೆ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟಳು.

ಜನವರಿ 7, ಬುಧವಾರ

ಇವತ್ತು 212 ತುಣುಕು. ಅದರಲ್ಲಿ 131 ತಪ್ಪು. ಇಷ್ಟು ಬೇಗ ಯಾರೂ ಮಾಡಿಲ್ಲ ಎಂದು ನೇತ್ರಾ ಹೇಳಿದಳು. ಶಿವಲಿಂಗವ್ವ ನಲವತ್ತು ಮುಗಿಸಿದ್ದರು. ಒಂದೊಂದನ್ನು ನಾಲ್ಕು ಸಲ ನೋಡುತ್ತಾರೆ. ಪರದೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡುತ್ತಾರೆ.

“ಅದು ಸೀರಿ ಅಲ್ರಿ ಶಿವಲಿಂಗವ್ವಾರ.”

“ಗೊತ್ತೈತ್ರಿ ಮಾಸ್ತರ. ಸೀರಿ ಇದ್ದಿದ್ರ ಹೊಳ್ಳಿಸಿ ನೋಡ್ತಿದ್ದೆ.”

ಮೈದಾನದಲ್ಲಿ ಏಳು ಮಂದಿ ರೆಫರಿಗಳು, ಏಳು ಸೀಟಿ. ಆದರೂ ತಪ್ಪು ಕಂಡಾಗ ಹಳದಿ ಅರಿವೆ ಎಸೆಯುತ್ತಾರೆ. ಮುಖ್ಯ ರೆಫರಿ ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳುವಂತೆ ತೀರ್ಪು ಓದುತ್ತಾನೆ. ಇದು ಒಳ್ಳೆಯ ಪದ್ಧತಿ. ಅವರಲ್ಲಿ ಬಹಳ ಜನ ವಾರದ ಉಳಿದ ದಿನ ಬೇರೆ ಉದ್ಯೋಗ ಮಾಡುವವರಂತೆ. ಪ್ಲೇಆಫ್ ಬಂದಾಗ ಒಳ್ಳೆಯ ಅಂಕ ಪಡೆದವರನ್ನು ಬೇರೆ ಬೇರೆ ತಂಡಗಳಿಂದ ಆರಿಸಿ ಹೊಸ ತಂಡ ಮಾಡುತ್ತಾರೆ. ಐದು ಜೋಡಿಯಿಂದ ಐದು ಎತ್ತು ಬಿಚ್ಚಿ ತಂದು ಒಂದೇ ನೊಗಕ್ಕೆ ಹೂಡಿದ ಹಾಗೆ. ಆಮೇಲೆ ಸಾಲು ಸೊಟ್ಟಗಾಯಿತು ಎಂದು ಜನ ಬೈಯುತ್ತಾರೆ.

ಜನವರಿ 9, ಶುಕ್ರವಾರ

10.05ಕ್ಕೆ ನೇತ್ರಾ ಕರೆದಳು. ಮುಖ ಸಣ್ಣದಾಗಿತ್ತು.

“ಸರ್, ಹೋಲ್ಡಿಂಗ್ ಅಂತ ಕೊಟ್ಟ ನೂರಾ ನಲವತ್ತು ತುಣುಕಿಗೆ ನೂರಾ ನಲವತ್ತೂ ‘ರೆಫರಿ ತಪ್ಪು’ ಅಂತ ಒತ್ತೀರಿ.”

“ತಪ್ಪ ಅದಾವ. ಹಿಡದದ್ದಕ್ಕ ಯಾರರ ದಂಡಾ ಹಾಕ್ತಾರೇನವಾ? ಹಿಡಿಯೂದ ಆಟ.”

“ಅಲ್ಲಿ ಹಿಡಿಬಾರದ್ರಿ ಸರ್.”

“ಚೆಂಡ ತಗೊಂಡು ಓಡಾವನ್ನ ಆರು ಮಂದಿ ಬಿದ್ದು ಹಿಡಿತಾರಲ್ಲ, ಅದು?”

“ಚೆಂಡ ಇದ್ದಾವನ್ನ ಹಿಡಿಬಹುದು. ಇಲ್ಲದಾವನ್ನ ಹಿಡಿಬಾರದು.”

“ಇಲ್ಲದಾವಗ ಏನ್ ಮಾಡಬೇಕು?”

“ನೂಕಬಹುದಂತ್ರಿ.”

ಇದರಲ್ಲಿ ಯಾವ ತರ್ಕವೂ ಇಲ್ಲ. ನಾನು ಟಿಪ್ಪಣಿಯ ಜಾಗದಲ್ಲಿ ‘ಪಾದದ ಹಿಡಿತ ಉತ್ತಮ’, ‘ಸೊಂಟದ ಹಿಡಿತ ತಾಲೂಕು ಮಟ್ಟಕ್ಕೆ ಯೋಗ್ಯ’ ಎಂದೆಲ್ಲ ಬರೆದಿದ್ದೆ. ತಾಲೂಕು ಮಟ್ಟ ಎಂದರೇನು ಎಂದು ಅಮೆರಿಕದವರು ಕೇಳಿದ್ದಾರಂತೆ.

ಶಿವಲಿಂಗವ್ವ ಎದ್ದು ನಿಂತರು. “ನಾನೂ ನೂರಾ ನಲವತ್ತೂ ಹಂಗ ಒತ್ತೇನವಾ. ಹಿಡಿಯೂದ ಆಟ ಅಂತ ಮಾಸ್ತರ ಹೇಳಿದ್ರು.”

“ಅದರಾಗ ಐತಿ ಮಜಾ,” ಎಂದು ನೇತ್ರಾ ತಲೆ ಹಿಡಿದುಕೊಂಡಳು. “ಇಬ್ಬರದೂ ನೂರಕ್ಕ ನೂರು ಹೊಂದಿಕಿ ಐತಿ ಅಂತ ಅವರು ಅಭಿನಂದನಾ ಕಳಿಸ್ಯಾರ. ಎಲ್ಲಾ ದೇಶದಾಗ ಕೂಡಿ ನಾವ ಫಸ್ಟ್.”

ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಅಭಿನಂದನೆಯನ್ನು ವಾಪಸು ಪಡೆದಿಲ್ಲ.

ಜನವರಿ 12, ಸೋಮವಾರ

ಅಮೆರಿಕದವರ ಒಂದು ಪದ್ಧತಿ ಮನಸ್ಸಿಗೆ ಬಹಳ ಹಿಡಿಸಿತು. ಚೆಂಡು ಹತ್ತು ಗಜ ಮುಂದೆ ಹೋಗಿದೆಯೋ ಇಲ್ಲವೋ ಎಂಬ ಸಂಶಯ ಬಂದರೆ ಇಬ್ಬರು ಕೋಲು ಮತ್ತು ಸರಪಳಿ ಹೊತ್ತು ಓಡಿ ಬರುತ್ತಾರೆ. ಸರಪಳಿ ಬಿಗಿದು ಅಳೆಯುತ್ತಾರೆ. ಬೆರಳಷ್ಟೂ ರಿಯಾಯಿತಿ ಇಲ್ಲ. ಎಂಬತ್ತು ಸಾವಿರ ಜನ ಉಸಿರು ಹಿಡಿದು ನೋಡುತ್ತಾರೆ. ಶಿವಲಿಂಗವ್ವನನ್ನು ಕರೆದು ತೋರಿಸಿದೆ.

ಅವರು ನಾಲ್ಕು ಸಲ ನೋಡಿ, “ಮೊದಲ ಆ ಚೆಂಡ ಅಲ್ಲಿ ಇಟ್ಟಾಂವ ಯಾರ್ರಿ?” ಎಂದರು.

“ರೆಫರಿ.”

“ಅಳದು ಇಟ್ನೇನ?”

“ಇಲ್ಲ. ಆಟಗಾರ ಬಿದ್ದಲ್ಲಿ ಕಣ್ಣಂದಾಜಿನ ಮ್ಯಾಲ ಇಡ್ತಾನ. ಮ್ಯಾಲ ಹತ್ತು ಮಂದಿ ಬಿದ್ದಿರ್ತಾರಲ್ಲ.”

“ಅಂದಾಜಿಗೆ ಇಟ್ಟು ಆಮ್ಯಾಲ ಸರಪಳಿಲೆ ಅಳದ್ರ ಏನ್ ಬಂತ್ರಿ ಮಾಸ್ತರ?”

ಅವರಿಗೆ ಅಳತೆಯ ಮಹತ್ವ ಗೊತ್ತಿಲ್ಲ.

ಜನವರಿ 15, ಗುರುವಾರ. ಸಂಕ್ರಾಂತಿ

ಆಫೀಸಿಗೆ ರಜೆ. ವಿದ್ಯಾ ಹಟ ಹಿಡಿದು ಕುಸುರೆಳ್ಳು ತೆಗೆದುಕೊಂಡು ಬೇವೂರಿಗೆ ಹೋಗಿಬಂದಳು. ಚಂದಪ್ಪನ ಹೆಂಡತಿ ಊಟ ಹಾಕಿದಳಂತೆ. ಚಂದಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ಅವಳು ಕೊಟ್ಟದ್ದನ್ನು ತಿಂದು, ಸತ್ಯವ್ವಳಿಗೆ ಒಂದು ಪೊಟ್ಟಣ ಕೊಟ್ಟು ಕಳಿಸಿದ್ದಾನೆ. ನನಗೂ ಒಂದು ಪೊಟ್ಟಣ ಬಂತು. ಬಿಚ್ಚಿದೆ. ಒಳಗೆ ಕುಸುರೆಳ್ಳು ಇರಲಿಲ್ಲ, ಒಂದು ಕೆಂಪು ಕರವಸ್ತ್ರವಿತ್ತು.

“ಇದೇನು?”

ವಿದ್ಯಾ ನೆಲ ನೋಡುತ್ತ ಹೇಳಿದಳು. “ಅಪ್ಪಾ, ನಿನ್ನ ಕೆಲಸದ್ದು ಸುದ್ದಿ ಕೇಳಿದ್ರು. ನೀ ನನಗ ಹೇಳಿದ್ದನ್ನ ನಾ ಹೇಳ್ದೆ. ಅಲ್ಲಿ ತೀರ್ಪು ಒಪ್ಪದಿದ್ರ ತಂಡದ ಮಾಸ್ತರ ಕೆಂಪ ಅರಿವಿ ಒಗೀತಾನ, ಆವಾಗ ರೆಫರಿ ಮತ್ತ ನೋಡಬೇಕಾಗ್ತೈತಿ ಅಂತ. ಎದ್ದು ಹೋಗಿ ಟ್ರಂಕಿನ್ಯಾಗಿಂದ ತಂದ್ರು.”

ನಿಯಮದ ಪ್ರಕಾರ ಮುಂದಿನ ಆಟ ಶುರುವಾಗುವ ಮೊದಲೇ ಅರಿವೆ ಒಗೆಯಬೇಕು. ಇದು ಹದಿನಾರು ವರ್ಷ ತಡವಾಗಿ ಬಂದಿದೆ. ಸ್ವೀಕರಿಸಲು ಬರುವುದಿಲ್ಲ ಎಂದೆ.

“ಹಂಗಾರ ಹೊಳ್ಳಿ ಕಳಸಲೇನ್ರಿ?” ಎಂದು ಸತ್ಯವ್ವ ಕೇಳಿದಳು.

ಬೇಡ ಎಂದೆ. ಕರವಸ್ತ್ರ ಈಗ ಈ ದಿನಚರಿಯ ಒಳಗಿದೆ. ಬಣ್ಣ ಬಿಡುತ್ತದೆ.

ಜನವರಿ 17, ಶನಿವಾರ

ಮರುಪರಿಶೀಲನೆಯ ತುಣುಕುಗಳು ಬಂದಿವೆ. ವಿಡಿಯೊ ನೋಡಿದ ಮೇಲೆ ಮೂರು ರೀತಿ ಹೇಳಬಹುದಂತೆ. ತಪ್ಪು ಸ್ಪಷ್ಟ ಕಂಡರೆ ತೀರ್ಪು ಬದಲು. ಸರಿ ಸ್ಪಷ್ಟ ಕಂಡರೆ ತೀರ್ಪು ಖಚಿತ. ಎರಡೂ ಕಾಣದಿದ್ದರೆ ‘ತೀರ್ಪು ಹಾಗೇ ಉಳಿಯುತ್ತದೆ’. ಅಂದರೆ ಸರಿಯೆಂದೂ ಅಲ್ಲ, ತಪ್ಪೆಂದೂ ಅಲ್ಲ, ಗೊತ್ತಾಗಲಿಲ್ಲ ಎಂದರ್ಥ. ಇಷ್ಟು ದೊಡ್ಡ ದೇಶ, ಇಷ್ಟು ಕ್ಯಾಮೆರಾ, ಕೊನೆಗೆ ಗೊತ್ತಾಗಲಿಲ್ಲ ಎಂದು ಮೈಕಿನಲ್ಲಿ ಹೇಳುವುದು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಇಂಥ ಮಾತು ನನ್ನ ಬಾಯಿಂದ ಬಂದಿಲ್ಲ.

ಜನವರಿ 19, ಸೋಮವಾರ

ಕೆಟ್ಟ ದಿನ. ನಮಗೆ ತಿಳಿಸದೆ ನೂರು ತುಣುಕುಗಳನ್ನು ಎರಡೆರಡು ಸಲ ಕೊಟ್ಟಿದ್ದರಂತೆ, ಒಮ್ಮೆ ಬೆಳಗ್ಗೆ, ಒಮ್ಮೆ ಮಧ್ಯಾಹ್ನ. ನೋಡುವವರು ತಮ್ಮ ಮಾತಿಗೆ ತಾವೇ ನಿಲ್ಲುತ್ತಾರೋ ಇಲ್ಲವೋ ಎಂಬ ಪರೀಕ್ಷೆ. ಶಿವಲಿಂಗವ್ವ ನೂರಕ್ಕೆ ತೊಂಬತ್ತೊಂದು ಸಲ ಅದೇ ಉತ್ತರ ಕೊಟ್ಟಿದ್ದಾರೆ. ನಾನು ಐವತ್ತೆಂಟು.

ಎರಡೂ ತುಣುಕು ಬೇರೆ ಇರಬೇಕು ಎಂದೆ. ನೇತ್ರಾ ಎರಡನ್ನೂ ಅಕ್ಕಪಕ್ಕ ಹಚ್ಚಿ ತೋರಿಸಿದಳು. ಒಂದೇ ಪಂದ್ಯ, ಒಂದೇ ಬಿಳಿ ಅಂಗಿಯವನು, ಒಂದೇ ಕಾಲು, ಒಂದೇ ಗೆರೆ. ಬೆಳಗ್ಗೆ 11.48ಕ್ಕೆ ನಾನು ‘ತಪ್ಪು’ ಎಂದಿದ್ದೆ. ಟಿಪ್ಪಣಿ: ‘ರೆಫರಿಗೆ ಕಣ್ಣಿಲ್ಲ.’ ಮಧ್ಯಾಹ್ನ 2.20ಕ್ಕೆ ‘ಸರಿ’ ಎಂದಿದ್ದೆ. ಟಿಪ್ಪಣಿ: ‘ಚುರುಕು ಕಣ್ಣು.’

ನೇತ್ರಾ ಗಣಕದಲ್ಲಿ ಏನೋ ಹುಡುಕಿ ಮೆಲ್ಲಗೆ ಹೇಳಿದಳು. “ಸರ್, ನೀವು ಊಟಕ್ಕಿಂತ ಮೊದಲ ಎಲ್ಲಾರನೂ ತಪ್ಪ ಅಂತೀರಿ. ಊಟ ಆದ ಮ್ಯಾಲ ಸರಿ ಅಂತೀರಿ.”

ಮನೆಗೆ ಬಂದು ಇದನ್ನು ಹೇಳಬಾರದಿತ್ತು. ಸತ್ಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. “ಇದಕ್ಕ ಅಮೆರಿಕದಿಂದ ಪತ್ರ ಬರಬೇಕಾತೇನ್ರಿ? ಮೂವತ್ತೊಂದು ವರ್ಷದಿಂದ ನನಗ ಗೊತ್ತೈತಿ. ಏನರ ಕೇಳೂದಿದ್ರ ತಾಟು ತೊಳದ ಮ್ಯಾಲ ಕೇಳ್ತೇನಿ.”

ಜನವರಿ 20, ಮಂಗಳವಾರ

ಹಾಲಿನವನು ತಡವಾಗಿ ಬಂದ. ಎಷ್ಟು ತಡ ಎಂದು ನೋಡಲಿಲ್ಲ.

ಜನವರಿ 22, ಗುರುವಾರ

ಊಟಕ್ಕೆ ಕೂತಾಗ ಶಿವಲಿಂಗವ್ವ ಮಗಳ ಮದುವೆ ಎಲ್ಲಿಗೆ ಬಂತು ಎಂದು ಕೇಳಿದರು. ಹುನಗುಂದದ ಫೈನಲ್ ವಿಷಯ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು. ಚಂದಪ್ಪ ಹೊಳ್ಳುವಾಗ ಬಲಗಾಲಿನ ಹೆಬ್ಬೆರಳು ಗೆರೆಯಿಂದ ಎರಡು ಬೆರಳು ಆಚೆ ಬಿದ್ದದ್ದು, ಬೆರಳಿಗೆ ಸುಣ್ಣ ಹತ್ತಿದ್ದು, ಸರಿಯಾಗಿ 5.42ಕ್ಕೆ ನಾನು ಸೀಟಿ ಹೊಡೆದದ್ದು, ಎಲ್ಲ ಹೇಳಿದೆ.

“ಇಷ್ಟ ನೆಟ್ಟಗ ನೆನಪೈತಿ ಅಂದ್ರ ಭಂಡಾರ ಮುಟ್ಟಿ ಬಿಡ್ರಲ್ಲ,” ಎಂದರು.

ತತ್ವ ಎಂದೆ. “ಹೂಂ,” ಎಂದರು. ಸೀರೆ ವ್ಯಾಪಾರಿಗಳು ಈ ‘ಹೂಂ’ಗೆ ಹೆದರುತ್ತಿದ್ದರಂತೆ.

ಇವತ್ತು ತುಣುಕು 96. ವೇಗ ಯಾಕೆ ಕಡಿಮೆಯಾಗಿದೆ ಎಂದು ತಿಳಿಯದು. ಕೆಲವನ್ನು ಎರಡು ಸಲ ನೋಡುತ್ತಿದ್ದೇನೆ.

ಜನವರಿ 25, ಭಾನುವಾರ

ಹುಣ್ಣಿಮೆ ಮುಂದಿನ ಭಾನುವಾರ. ಕಲಾದಗಿಯವರು ಹಣಮೇಶನನ್ನು ನೋಡಲು ಬೇವೂರಿಗೆ ಬಂದು ಹೋದರೆಂದು ಸುದ್ದಿ. ಅವನು ಅವತ್ತು ಯಾವುದೋ ಎಮ್ಮೆಗೆ ಹೆರಿಗೆ ಎಂದು ಹೇಳಿ ಬಾದಾಮಿಯಲ್ಲೇ ಉಳಿದನಂತೆ. ದಿನಾ ಎಮ್ಮೆ ಈಯುವುದಿಲ್ಲ.

ವಿದ್ಯಾ ಪಡಸಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ತಲೆಯೆತ್ತದೆ ಕೇಳಿದಳು.

“ಅಪ್ಪಾ, ಆಣಿ ಮಾಡು ಅಂತ ನಾ ಹೇಳೂದಿಲ್ಲ. ಒಂದ ಮಾತು ಕೇಳ್ಲಿ? ನೀ ಕಂಡಿದ್ದಿ ಹೌದಲ್ಲ?”

“ಕಂಡೇನಿ.”

“ಯಾವ ಕಾಲು?”

“ಕಾಲು ಯಾವುದಿದ್ರೇನು? ಗೆರಿ ಮುಟ್ಟಿತ್ತು, ಐದು ನಲವತ್ತೆರಡಕ್ಕ.”

ಅವಳು ಕೆಂಪು ಪೆನ್ನನ್ನು ಒಂದು ಉತ್ತರದ ಮೇಲೆ ಹಿಡಿದು, “ಈ ಹುಡುಗನೂ ಹಿಂಗ ಬರದಾನ. ಉತ್ತರ ಬಂದೈತಿ, ಲೆಕ್ಕದ ಹಂತಾ ಒಂದೂ ಇಲ್ಲ,” ಎಂದಳು. ಎಷ್ಟು ಅಂಕ ಕೊಟ್ಟಳೋ ಕೇಳಲಿಲ್ಲ. ಅವಳು ಕಣ್ಣು ಒರೆಸಿಕೊಂಡಿದ್ದು ಪತ್ರಿಕೆಯ ಧೂಳಿಗೆ ಇರಬೇಕು.

ಜನವರಿ 28, ಬುಧವಾರ

ಚಹಾದ ಹೊತ್ತಿಗೆ ಶಿವಲಿಂಗವ್ವ ತಾವಾಗಿಯೇ ಮಾತು ತೆಗೆದರು.

“ಮಾಸ್ತರ, ಒಂದು ಎಳಿ ಎಲ್ಲೋ ತಪ್ಪೇತಿ. ನನಗ ಆರು ದಿನದಿಂದ ನಿದ್ದಿ ಇಲ್ಲ.”

“ಯಾವ ಎಳಿ?”

“ಐದು ನಲವತ್ತೆರಡು ಅಂತ ನಿಮಗ ಹ್ಯಾಂಗ ಗೊತ್ತು?”

“ವಾಚ್ ನೋಡಿದೆ.”

“ಯಾವಾಗ?”

“ಅದ ಹೊತ್ತಿಗೆ. ಸೀಟಿ ಹೊಡಿಯುವಾಗ.”

“ಹೂಂ,” ಎಂದು ಚಹಾ ಕುಡಿದರು. ಕಪ್ಪು ಕೆಳಗಿಟ್ಟು, ಬೈಯುವ ದನಿಯಿಂದಲ್ಲ, ಅಂಗಡಿಯವನಿಗೆ ಸೀರೆ ವಾಪಸು ಕೊಡುವ ದನಿಯಿಂದ ಕೇಳಿದರು. “ಹಂಗಾರ ಕಾಲು ಯಾರು ನೋಡಿದ್ರು?”

ನಾನು ಉತ್ತರ ಕೊಟ್ಟೆ. ಏನು ಕೊಟ್ಟೆನೆಂದು ಈಗ ನೆನಪಿಲ್ಲ.

ಮಧ್ಯಾಹ್ನ ಏಳು ತುಣುಕು.

ಜನವರಿ 29, ಗುರುವಾರ

ರಜೆ ಹಾಕಿದೆ. ಮರುಪರಿಶೀಲನೆಗೆ ವಿಡಿಯೊ ಇಲ್ಲದ್ದರಿಂದ ಈ ದಿನಚರಿಯನ್ನೇ ಹಿಂದಕ್ಕೆ ತಿರುವಿದೆ.

ಜನವರಿ 5ರಂದು ಎಡಗಾಲು, ಹಿಮ್ಮಡಿ, ನಾಲ್ಕು ಬೆರಳು. 22ರಂದು ಬಲಗಾಲು, ಹೆಬ್ಬೆರಳು, ಎರಡು ಬೆರಳು. 25ರಂದು ಕಾಲಿನ ಹೆಸರಿಲ್ಲ, ಬೆರಳೂ ಇಲ್ಲ, ಗೆರೆ ಮುಟ್ಟಿತ್ತು ಅಷ್ಟೇ. ಒಬ್ಬನೇ ಅಂಪೈರ್, ಒಂದೇ ಆಟ, ಮೂರು ಬರಹ. ಇದನ್ನು ಬರೆದವನಿಗೆ ನೇತ್ರಾ ಐವತ್ತೆಂಟೂ ಕೊಡಲಿಕ್ಕಿಲ್ಲ. ಮೂರು ಕಡೆಯೂ ಬದಲಾಗದೆ ಉಳಿದದ್ದು ಒಂದೇ, 5.42.

ಆ ವಾಚು ಹೊಸದಾಗಿತ್ತು. ಸೆಕೆಂಡಿನ ಮುಳ್ಳು ಕೆಂಪಗಿತ್ತು. ಅದು ಚೆನ್ನಾಗಿ ಕಾಣುತ್ತಿದೆ. ಕಲಾದಗಿಯವರು ಹೋ ಎಂದು ಕೂಗಿದ್ದು ಕೇಳುತ್ತಿದೆ. ಕಾಲು ಕಾಣುತ್ತಿಲ್ಲ.

ಫೆಬ್ರುವರಿ 1, ಭಾನುವಾರ. ಭಾರತ ಹುಣ್ಣಿಮೆ

ಬೆಳಗಿನ ಬಸ್ಸಿಗೆ ಬೇವೂರಿಗೆ ಹೋದೆವು, ನಾನು, ಸತ್ಯವ್ವ, ವಿದ್ಯಾ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಇಪ್ಪತ್ತು ಜನ ಕೂತಿದ್ದರು. ನಡುವೆ ಚಂದಪ್ಪ, ಮುಂದೆ ತಾಟಿನಲ್ಲಿ ಭಂಡಾರ. ಹಣಮೇಶ ಕಂಬದ ಹಿಂದೆ ನಿಂತಿದ್ದ. ಎಮ್ಮೆ ಯಾವುದೂ ಇರಲಿಲ್ಲ.

ಹೇಗೆ ಶುರು ಮಾಡಬೇಕೆಂದು ತಿಳಿಯದೆ ನಾನು ಒಂದು ತಿಂಗಳಿಂದ ದಿನಾ ನೋಡುತ್ತಿದ್ದ ಪದ್ಧತಿಯನ್ನೇ ಹಿಡಿದೆ. ಕೆಂಪು ಕರವಸ್ತ್ರ ತೆಗೆದು ಕಟ್ಟೆಯ ಮೇಲಿಟ್ಟೆ. ಜನರ ಕಡೆ ಮುಖ ಮಾಡಿ ನಿಂತೆ. ಅಮೆರಿಕದ ರೆಫರಿಯ ಹಾಗೆ ಸೊಂಟದ ಬಳಿಯ ಮೈಕಿನ ಗುಂಡಿ ಒತ್ತಲು ಕೈ ಹೋಯಿತು. ಅಲ್ಲಿ ಮೈಕು ಇರಲಿಲ್ಲ, ಆದರೂ ಒತ್ತಿದೆ.

“ಬೇವೂರು ತಂಡದ ಆಕ್ಷೇಪವನ್ನು ಪರಿಶೀಲಿಸಲಾಗಿದೆ. ರೇಡರನ ಕಾಲು ಗೆರೆ ದಾಟಿತ್ತೆಂಬುದಕ್ಕೂ ದಾಟಿರಲಿಲ್ಲವೆಂಬುದಕ್ಕೂ ಅಂಪೈರ್ ಬಳಿ ಸಾಕ್ಷಿ ಇಲ್ಲ. ಮೈದಾನದ ತೀರ್ಪು ಹಾಗೇ ಉಳಿಯುತ್ತದೆ.”

ಯಾರಿಗೂ ತಿಳಿಯಲಿಲ್ಲ. ಒಬ್ಬ ಮುದುಕ ಕಿವಿಗೆ ಕೈ ಹಚ್ಚಿ, “ಕನ್ನಡದಾಗ ಹೇಳ್ರಿ,” ಎಂದ.

ಭಂಡಾರದ ತಾಟಿಗೆ ಕೈಯಿಟ್ಟೆ. “ಚಂದಪ್ಪ, ನಾ ನಿನ್ನ ಕಾಲು ನೋಡಿಲ್ಲ. ವಾಚ್ ನೋಡಾಕತ್ತಿದ್ದೆ. ಮಂದಿ ಕೂಗಿದ್ರು, ನಾ ಸೀಟಿ ಹೊಡದೆ. ಇಷ್ಟ ಖರೆ. ಉಳದದ್ದು ನಾ ಆಮ್ಯಾಲ ಕಟ್ಟಿದ್ದು.”

ಅವನು ಕೇಳಿದ್ದು ‘ಕಂಡೇನಿ’ ಎಂಬ ಆಣೆ. ನಾನು ಮಾಡಿದ್ದು ‘ಕಂಡಿಲ್ಲ’ ಎಂಬ ಆಣೆ. ಲೆಕ್ಕದ ಪ್ರಕಾರ ಮದುವೆ ಅಲ್ಲಿಗೆ ಮುಗಿದಿತ್ತು. ವಿದ್ಯಾಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಚಂದಪ್ಪ ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

“ಹೊರಗ ಹೋಗಿತ್ರಿ.”

“ಏನು?”

“ಕಾಲು.”

“ಯಾವ ಕಾಲು?”

“ಎರಡೂ. ಕಲಾದಗಿ ಮಂದಿ ನೂಕಿದ್ರು, ಒಂದು ಮಾರು ಆಚೆ ಹೋಗಿ ಬಿದ್ನಿ. ಸುಣ್ಣದ ಡಬ್ಬಿ ಮ್ಯಾಲ ಬಿದ್ನಿ. ಊರಿಗೆಲ್ಲಾ ಗೊತ್ತೈತಿ.”

ಕಟ್ಟೆಯ ಮೇಲಿನ ಇಪ್ಪತ್ತು ತಲೆಗಳೂ ಹೌದೆಂದು ಆಡಿದವು.

“ಮತ್ತ ಇಷ್ಟ ವರ್ಷ ಸಿಟ್ಟ ಯಾತಕ್ಕ, ಮಾರಾಯಾ?”

“ಔಟ್ ಆಗಿದ್ದಕ್ಕ ಸಿಟ್ಟ ಅಲ್ರಿ ಮಾಸ್ತರ. ನನಗ ಆಗ ಮೂವತ್ತಾರು. ಅದ ನನ್ನ ಕಡಿ ಆಟ. ಬಿದ್ದಲ್ಲಿಂದ ನಿಮ್ಮ ಮಾರಿ ನೋಡಿದ್ನಿ. ನೀವು ಕೈ ಮ್ಯಾಲ ಮಾಡಿ ವಾಚ್ ನೋಡ್ಕೋತ ಸೀಟಿ ಹೊಡದ್ರಿ. ಕೊಡೂದಿದ್ರ ನೋಡಿ ಕೊಡಬೇಕಿತ್ತು.” ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡು ಹೇಳಿದ. “ಇವತ್ತ ನೀವು ‘ಕಣ್ಣಾರೆ ಕಂಡೇನಿ’ ಅಂತ ಭಂಡಾರ ಮುಟ್ಟಿದ್ರ, ಕಲಾದಗಿ ಬಸ್ ಹತ್ತಾಂವ ಇದ್ನಿ. ಸುಳ್ಳ ಆಣಿ ಮಾಡೂ ಮನಿ ಜೋಡಿ ಬೀಗಸ್ತನ ನನಗ ಬ್ಯಾಡಾಗಿತ್ತು.”

ಭಂಡಾರದ ತಾಟಿನಿಂದ ಒಂದು ಹಿಡಿ ಎತ್ತಿ ನನ್ನ ಹಣೆಗೆ ಹಚ್ಚಿದ. ಅರ್ಧ ಕಣ್ಣಿಗೆ ಬಿತ್ತು. ಅದಕ್ಕೇ ಸ್ವಲ್ಪ ಹೊತ್ತು ಕಣ್ಣಲ್ಲಿ ನೀರು ಬಂತು.

ಬಸ್ಸು ತಡವಾಗಿ ಬಂತು.

ಫೆಬ್ರುವರಿ 4, ಬುಧವಾರ

‘ಸರಿ’, ‘ತಪ್ಪು’ ಎರಡರ ಜೊತೆಗೆ ‘ಕಾಣಲಿಲ್ಲ’ ಎಂಬ ಮೂರನೆಯ ಗುಂಡಿ ಬೇಕೆಂದು ನೇತ್ರಾಳನ್ನು ಕೇಳಿದೆ.

“ಸರ್, ವಿಡಿಯೊ ನಿಮ್ಮ ಮಾರಿ ಮುಂದ ಐತಿ. ಕಾಣಲಿಲ್ಲ ಅಂದ್ರ ರೊಕ್ಕ ಕೊಡವರು ಏನ್ ಅಂದಾರು?”

“ಬರದು ನೋಡವಾ.”

ಬರೆದಳು. ಮೂರು ದಿನದಿಂದ ನಲವತ್ತರ ಮೇಲೆ ತುಣುಕು ಆಗುತ್ತಿಲ್ಲ. ಶಿವಲಿಂಗವ್ವನ ಪಕ್ಕದ ಕುರ್ಚಿಗೆ ಬಂದಿದ್ದೇನೆ. ಅಲ್ಲಿ ಬೆಳಕು ಚೆನ್ನಾಗಿದೆ.

ಫೆಬ್ರುವರಿ 9, ಸೋಮವಾರ

ಅಮೆರಿಕದ ದೊಡ್ಡ ಫೈನಲ್ ಬೆಳಗಿನ ಜಾವ ನಡೆಯಿತು. ಹಾಲಿನವನೂ ಬಾಗಿಲಲ್ಲಿ ನಿಂತು ಸ್ವಲ್ಪ ನೋಡಿದ. ಒಬ್ಬ ಆಟಗಾರ ಗೆರೆಯ ಬಳಿ ಬಿದ್ದ. “ಔಟ್ ಏನ್ರಿ ಮಾಸ್ತರ?” ಎಂದ. ಇನ್ನೊಮ್ಮೆ ತೋರಿಸಲಿ, ತಡಿ ಎಂದೆ. ಅವನು ತಡೆದ. ಉಳಿದ ಮನೆಗಳಿಗೆ ಹಾಲು ತಡವಾಯಿತು.

ಫೆಬ್ರುವರಿ 22, ಭಾನುವಾರ

ಮನೆಯಲ್ಲಿ ನಿಶ್ಚಯ ಮುಗಿಯಿತು. ಎರಡೂ ಕಡೆಯವರು ಸೇರಿ ಅರವತ್ತು ಜನ. ಶಿವಲಿಂಗವ್ವ ವಿದ್ಯಾಳಿಗೆ ಇಳಕಲ್ ಸೀರೆ ತಂದಿದ್ದರು. ಕೊಡುವ ಮೊದಲು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು.

ಊಟಕ್ಕೆ ಮೊದಲು ಸಣ್ಣ ಗಲಾಟೆ. ಚಂದಪ್ಪನೂ ನಮ್ಮ ಕಡೆಯಿಂದ ವಿದ್ಯಾಳ ಸೋದರಮಾವ ಲಕ್ಷ್ಮಣನೂ ಪರಸ್ಪರ ಬಾಯಿಗೆ ಸಕ್ಕರೆ ಹಾಕುವಾಗ ಯಾರ ಬಾಯಿಗೆ ಮೊದಲು ಬಿತ್ತು ಎಂಬ ವಾದ. ಮೊದಲು ಹಾಕಿಸಿಕೊಂಡವರು ಮದುವೆ ಮುಗಿಯುವವರೆಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ. ಚಂದಪ್ಪನ ತಮ್ಮ ಮುತ್ತಪ್ಪ ಒಂದು ಕಡೆ, ಲಕ್ಷ್ಮಣ ತಾನೇ ಇನ್ನೊಂದು ಕಡೆ.

“ಲೇ, ನಮ್ಮಣ್ಣನ ಬಾಯಾಗ ಮೊದಲ ಬಿತ್ತಲೇ!”

“ಏ ಹೋಗೋ, ನಿಮ್ಮಣ್ಣ ಬಾಯಿ ತಗದಿದ್ದ ಅಷ್ಟ. ಸಕ್ಕರಿ ಇನ್ನ ತಾಟಿನ್ಯಾಗಿತ್ತು!”

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. “ಮಾಸ್ತರ ಹೇಳ್ಲಿ. ಎದುರಿಗೇ ನಿಂತಿದ್ರು.”

ಕೈ ಕೊರಳಿಗೆ ಹೋಯಿತು. ಸೀಟಿ ಇರಲಿಲ್ಲ. ಸತ್ಯವ್ವ ಪಿಸುಗುಟ್ಟಿದಳು. “ಅಡಗಿ ಮನಿ ಮೊಳಿಗೆ ಹಾಕೇನ್ರಿ. ನೀವ ತಗದಿಟ್ಟು ಮೂರು ವಾರ ಆತು, ಈಗ ನೆನಪಾತೇನು?”

ಅರವತ್ತು ಜನ ಕಾದರು.

“ನಾ ನೋಡ್ಲಿಲ್ಲ,” ಎಂದೆ.

ಚಂದಪ್ಪ ಜೋರಾಗಿ ನಕ್ಕ. “ಮತ್ತ ವಾಚ್ ನೋಡಾಕತ್ತಿದ್ರೇನ್ರಿ ಬೀಗರ?”

ಎಲ್ಲರೂ ನಕ್ಕರು, ಊಟಕ್ಕೆ ಎದ್ದರು. ಇವತ್ತು ವಾಚು ಕಟ್ಟಿರಲಿಲ್ಲ. ಸಕ್ಕರೆ ಯಾರ ಬಾಯಿಗೆ ಮೊದಲು ಬಿತ್ತೆಂಬುದನ್ನು ಈ ಸಲ ಚೆನ್ನಾಗಿಯೇ ನೋಡಿದ್ದೆ.